ಯಾವ ಬಾಣ ಮೊದಲು

ಅಕ್ಕನಿಗೆ ಏಳನೇ ತಿಂಗಳಿಗೇ ಹೆರಿಗೆಯಾಗಿಹೋಯಿತು. ಹೆಣ್ಣುಮಗು. ಎತ್ತಿಕೊಂಡರೆ ಎರಡು ಅಂಗೈ ತುಂಬುವಷ್ಟೇ ಇತ್ತು. ಹುಟ್ಟಿದ ಕೂಡಲೇ ಅದನ್ನು ಎಳೆಗೂಸುಗಳ ಐಸಿಯುಗೆ ಒಯ್ದು ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದರು. ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಬರುವವರೆಗೂ ಅಲ್ಲೇ ಇರಬೇಕು ಎಂದರು ಡಾಕ್ಟರು.

ಮಗುವನ್ನು ನೋಡಲು ಹೋದ ತಂಗಿಗೆ ಮೊದಲು ಕಣ್ಣಿಗೆ ಬಿದ್ದದ್ದು ಮಗುವಲ್ಲ, ಪೆಟ್ಟಿಗೆ. ಅದರ ಗುರುತು ಅವಳಿಗೆ ಚೆನ್ನಾಗಿಯೇ ಇತ್ತು. ಅದನ್ನು ಮಾಡಿದ ಸಣ್ಣ ಕಂಪನಿಯ ಎಂಜಿನಿಯರ್ ಒಂದು ವರ್ಷ ಅವಳ ಪ್ರಯೋಗಾಲಯಕ್ಕೆ ಓಡಾಡಿದ್ದ.

ತಂಗಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವಳ ಕೆಲಸ ಏನೆಂಬುದು ಮನೆಯಲ್ಲಿ ಯಾರ ತಲೆಗೂ ಸರಿಯಾಗಿ ಹತ್ತಿರಲಿಲ್ಲ. ಯಂತ್ರವೊಂದು ಹೇಗೆ ನಡೆದುಕೊಳ್ಳಬೇಕು ಎನ್ನುವುದನ್ನು ಸಾಲುಗಟ್ಟಲೆ ಪ್ರೋಗ್ರಾಮ್ ಬರೆಯುವ ಬದಲು ಚಿತ್ರವಾಗಿ ಬಿಡಿಸಲು ಬರುವಂಥ ಒಂದು ಭಾಷೆಯನ್ನು ಅವಳು ಕಟ್ಟುತ್ತಿದ್ದಳು. ಯಂತ್ರದ ಒಂದೊಂದು ಸ್ಥಿತಿಗೆ ಒಂದೊಂದು ಚೌಕ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಒಂದು ಬಾಣ. ಏನಾದಾಗ ಹೋಗಬೇಕು ಎಂಬುದು ಬಾಣದ ಮೇಲೆ ಒಂದು ಮಾತಿನಲ್ಲಿ. ಚಿತ್ರ ಮುಗಿದ ಮೇಲೆ, ಯಂತ್ರ ಇಲ್ಲದೆಯೇ, ಅದನ್ನು ಪರದೆಯ ಮೇಲೆ ಆಡಿಸಿ ನೋಡಬಹುದು. ಎಲ್ಲ ಸರಿಯಾಗಿದ್ದರೆ ಒಂದು ಗುಂಡಿ ಒತ್ತಿದರಾಯಿತು, ಯಂತ್ರದೊಳಗೆ ಹಾಕಬೇಕಾದ ಕೋಡ್ ತಾನಾಗಿಯೇ ತಯಾರಾಗುತ್ತದೆ. ಕೈಯಲ್ಲಿ ಬರೆದ ಕೋಡಿನಲ್ಲಿ ತಪ್ಪು ನುಸುಳುತ್ತದೆ, ಚಿತ್ರದಿಂದ ಹುಟ್ಟಿದ್ದರಲ್ಲಿ ನುಸುಳುವುದಿಲ್ಲ ಎನ್ನುವುದು ಅವಳ ಪ್ರಬಂಧದ ಮೊದಲ ಪುಟದಲ್ಲೇ ಇತ್ತು. ಹಗಲಿಡೀ ಬಾಣ ಎಳೆಯುತ್ತ ಕೂರುತ್ತಿದ್ದ ಅವಳಿಗೆ ಜೊತೆಯವರು ಬಾಣದಮ್ಮ ಎಂದೇ ಹೆಸರಿಟ್ಟಿದ್ದರು.

ಪೆಟ್ಟಿಗೆಯ ಒಳಗಿನ ಕೋಡ್ ತನ್ನ ಭಾಷೆಯಿಂದ ಹುಟ್ಟಿದ್ದು ಎಂದು ಅವಳು ಭಾವನಿಗೆ ಹೇಳಿದಳು. ಹೇಳಬಾರದಿತ್ತೋ ಏನೋ. ಭಾವ ಅದನ್ನು ವಾರ್ಡಿಗೆಲ್ಲ ಹಂಚಿದ. "ನಮ್ಮ ನಾದಿನಿ ಒಂದು ಗೆರೆ ಎಳೆದ್ರೆ ಸಾಕು, ಪೆಟ್ಟಿಗೆ ಬಿಸಿಯಾಗುತ್ತೆ. ನಾನು ಹತ್ತು ಸಲ ಕೂಗಿದ್ರೂ ಮನೇಲಿ ನೀರು ಬಿಸಿಯಾಗಲ್ಲ" ಎಂದು ನರ್ಸುಗಳನ್ನು ನಗಿಸಿದ. ಹೆರಿಗೆಯಾದಾಗಿನಿಂದ ಮಾತೇ ಆಡದಿದ್ದ ಅಕ್ಕನೂ ಸಣ್ಣಗೆ ನಕ್ಕಳು. ತಂಗಿಯ ಕೈ ಹಿಡಿದುಕೊಂಡು, ಹಾಗಿದ್ದರೆ ನನಗೆ ಭಯವಿಲ್ಲ ಬಿಡು ಎಂದಳು.

ಅದಾಗಿ ಕೆಲವು ದಿನಕ್ಕೆ ವಿಭಾಗದಲ್ಲಿ ತಂಗಿಯ ಸೆಮಿನಾರ್ ಇತ್ತು. ಬೇರೆ ಊರಿನಿಂದ ಬಂದಿದ್ದ ನಿವೃತ್ತ ಪ್ರೊಫೆಸರ್ ಒಬ್ಬರು ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಿದ್ದೆ ಹೋಗಿದ್ದಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಮಾತು ಮುಗಿದ ಮೇಲೆ ಅವರು ಕೈ ಎತ್ತಿದರು.

"ಒಂದು ಸಣ್ಣ ಅನುಮಾನ. ಒಂದೇ ಚೌಕದಿಂದ ಎರಡು ಬಾಣ ಹೊರಟಿವೆ. ಎರಡಕ್ಕೂ ಒಂದೇ ಕ್ಷಣದಲ್ಲಿ ಅಪ್ಪಣೆ ಸಿಕ್ತು ಅನ್ಕೊಳ್ಳಿ. ಯಾವುದು ಮೊದಲು?"

"ಮೇಲಿರೋದು ಸರ್."

"ಮೇಲಿರೋದು ಅಂದ್ರೆ, ಚಿತ್ರದಲ್ಲಿ ಮೇಲಿರೋದೋ, ಮೊದಲು ಎಳೆದದ್ದೋ?"

ಎರಡೂ ಒಂದೇ ಅಲ್ಲವೇ ಎಂದಳು ತಂಗಿ. ಯಾರೋ ನಕ್ಕರು.

"ಎಳೆದಾದ ಮೇಲೆ ಜರುಗಿಸಿದ್ರೆ?" ಎಂದರು ಅವರು.

ನೋಡಿ ಹೇಳುತ್ತೇನೆ ಎಂದು ತಂಗಿ ತಪ್ಪಿಸಿಕೊಂಡಳು. ಅವರು ಒತ್ತಾಯ ಮಾಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ ಟೀ ಕುಡಿಯಲು ಎದ್ದರು. ತಂಗಿ ಲೋಟವನ್ನು ಅರ್ಧಕ್ಕೇ ಇಟ್ಟು ತನ್ನ ಮೇಜಿಗೆ ಬಂದಳು.

ಒಂದು ಚೌಕ, ಅದರಿಂದ ಹೊರಡುವ ಎರಡು ಬಾಣ. ಎರಡನೆಯದಾಗಿ ಎಳೆದ ಬಾಣವನ್ನು ಮೌಸಿನಿಂದ ಹಿಡಿದು ಮೊದಲನೆಯದರ ಮೇಲಕ್ಕೆ ತಂದಳು. ಪರದೆಯ ಮೇಲೆ ಆಡಿಸಿದಳು. ಮೇಲಿನ ಬಾಣ ಹೋಯಿತು. ಸರಿ. ಗುಂಡಿ ಒತ್ತಿ ಕೋಡ್ ಹುಟ್ಟಿಸಿ ಓಡಿಸಿದಳು. ಕೆಳಗಿನ ಬಾಣ ಹೋಯಿತು.

ಕೈತಪ್ಪಿ ಏನೋ ಮಾಡಿರಬೇಕೆಂದು ಹೊಸದಾಗಿ ಚಿತ್ರ ಬಿಡಿಸಿದಳು. ಅದೇ. ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿದಳು. ಅಲ್ಲೂ ಅದೇ. ಚಿತ್ರವನ್ನು ಆಡಿಸುವ ಭಾಗವನ್ನು ಬರೆದವಳು ಅವಳು. ಅವಳು ಜಾಗ ನೋಡಿದ್ದಳು. ಕೋಡ್ ಹುಟ್ಟಿಸುವ ಭಾಗವನ್ನು ಬರೆದವನು ಅವಳಿಗಿಂತ ಮುಂಚೆ ಇದ್ದ ವಿದ್ಯಾರ್ಥಿ. ಅವನು ಎಳೆದ ಸರದಿ ನೋಡಿದ್ದ. ಯಾವ ಬಾಣ ಮೊದಲು ಎನ್ನುವುದು ಇಬ್ಬರ ತಲೆಯಲ್ಲೂ ಇತ್ತು, ಬೇರೆಬೇರೆಯಾಗಿ. ಭಾಷೆಯಲ್ಲಿ ಎಲ್ಲೂ ಇರಲಿಲ್ಲ.

ಅಷ್ಟಾಗಿದ್ದರೆ ಅದು ಪ್ರಬಂಧದ ತಲೆನೋವು ಮಾತ್ರ ಆಗುತ್ತಿತ್ತು. ಆದರೆ ಅವಳಿಗೆ ಕಂಪನಿಯ ಎಂಜಿನಿಯರ್ ಜೊತೆ ಕಳೆದ ಒಂದು ಮಧ್ಯಾಹ್ನ ನೆನಪಾಯಿತು.

ಗಾಜಿನ ಪೆಟ್ಟಿಗೆಯ ಚಿತ್ರದಲ್ಲಿ 'ಮುಚ್ಚಳ ತೆರೆದಿದೆ' ಎನ್ನುವ ಚೌಕ ಒಂದಿತ್ತು. ಅದರಿಂದ ಎರಡು ಬಾಣ. ಮುಚ್ಚಳ ಮುಚ್ಚಿದರೆ ಬಿಸಿ ಮತ್ತೆ ಶುರುವಾಗಬೇಕು; ಇದನ್ನು ಎಂಜಿನಿಯರ್ ಮೊದಲೇ ಎಳೆದಿದ್ದ. ಮಗುವಿನ ಚರ್ಮಕ್ಕೆ ಅಂಟಿಸಿದ ಸೆನ್ಸರ್ ಕಳಚಿದರೆ ಬಿಸಿ ಶುರುವಾಗಕೂಡದು, ಪೆಟ್ಟಿಗೆ ಕೂಗಿಕೊಳ್ಳಬೇಕು. ಇದು ಅವನಿಗೆ ಆಮೇಲೆ ಹೊಳೆದದ್ದು. ಮುಚ್ಚಳ ಮುಚ್ಚುವಾಗಲೇ ತಂತಿ ಸಿಕ್ಕಿಕೊಂಡು ಸೆನ್ಸರ್ ಕಿತ್ತುಬಂದರೆ ಏನು ಗತಿ ಎಂದು ಇಬ್ಬರೂ ಪರದೆಯ ಮೇಲೆ ಆಡಿಸಿ ನೋಡಿದ್ದರು. ಬಿಸಿ ಶುರುವಾಗಿಬಿಟ್ಟಿತ್ತು. ಕಳಚಿದ ಸುದ್ದಿ ಒಂದೇ ಸಲ ಬರುವಂಥದ್ದು, ಆ ಕ್ಷಣ ಯಾರೂ ಎತ್ತಿಕೊಳ್ಳದಿದ್ದರೆ ಗಾಳಿಗೆ ಹೋಯಿತು. ಆಮೇಲೆ ನೇತಾಡುವ ಸೆನ್ಸರ್ ಬರೀ ಗಾಳಿಯನ್ನು ಅಳೆಯುತ್ತದೆ. ಮಗು ತಣ್ಣಗಾಗುತ್ತಿದೆ ಎಂದುಕೊಂಡು ಪೆಟ್ಟಿಗೆ ಇನ್ನಷ್ಟು, ಇನ್ನಷ್ಟು ಬಿಸಿ ಕೊಡುತ್ತದೆ.

ಆವತ್ತು ತಂಗಿ ನಕ್ಕು, ಎರಡನೇ ಬಾಣವನ್ನು ಮೌಸಿನಿಂದ ಹಿಡಿದು ಮೇಲಕ್ಕೆ ಎಳೆದಿದ್ದಳು. ಮತ್ತೆ ಆಡಿಸಿದಾಗ ಎಲ್ಲ ಸರಿಯಾಗಿತ್ತು. ಕೈಯಲ್ಲಿ ಕೋಡ್ ಬರೆಯುವವರಿಗಾದರೆ ಇದಕ್ಕೆ ಒಂದು ದಿನ ಹಿಡಿಯುತ್ತಿತ್ತು ಎಂದು ಎಂಜಿನಿಯರ್ ಹೊಗಳಿದ್ದ. ಮೇಲಕ್ಕೆ ಹೋದದ್ದು ಚಿತ್ರ ಮಾತ್ರ. ಕೋಡಿಗೆ ಆ ಸುದ್ದಿ ತಲುಪಿಯೇ ಇರಲಿಲ್ಲ.

ಫೋನ್ ಕೈಗೆತ್ತಿಕೊಂಡಳು. ಅಕ್ಕನ ಹೆಸರಿನ ಮೇಲೆ ಬೆರಳಿಟ್ಟಳು. ಏನೆಂದು ಹೇಳುವುದು? ಅಕ್ಕ ಮತ್ತೆ ಮಾತಾಡತೊಡಗಿ ಕೆಲವೇ ದಿನವಾಗಿತ್ತು. ಕಂಪನಿಯವರು ಆಮೇಲೆ ಕೋಡನ್ನು ತಿದ್ದಿರಬಹುದು. ಯಂತ್ರದಲ್ಲಿ ಎರಡು ಸುದ್ದಿ ಒಂದೇ ಕ್ಷಣಕ್ಕೆ ಬಂದು ಬೀಳುವುದು ಸಾಧ್ಯವೇ ಇಲ್ಲದಿರಬಹುದು. ಸುಳ್ಳೇ ಗಾಬರಿ ಹುಟ್ಟಿಸಿದಂತಾದರೆ? ಮೊದಲು ಖಾತ್ರಿಯಾಗಲಿ ಎಂದುಕೊಂಡಳು. ಫೋನ್ ಕೆಳಗಿಟ್ಟು ಮೇಷ್ಟ್ರ ಕೋಣೆಗೆ ಓಡಿದಳು.

ಮೇಷ್ಟ್ರು ಅವಳ ಗೈಡ್. ತಲೆಗೂದಲು ನೆರೆತರೂ ವಿದ್ಯಾರ್ಥಿಗಳ ಜೊತೆ ಸಮಾನವಾಗಿ ವಾದ ಮಾಡುತ್ತಿದ್ದ ಮನುಷ್ಯ. ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಎಂಜಿನಿಯರಿಗೆ ಫೋನ್ ಹಚ್ಚಿದರು. ಹುಟ್ಟಿದ ಕೋಡನ್ನು ಮುಟ್ಟಲೇ ಇಲ್ಲ ಸರ್, ಮುಟ್ಟಬಾರದು ಅಂತ ನೀವೇ ಹೇಳಿದ್ದಿರಲ್ಲ ಎಂದ ಅವನು. ಯಂತ್ರದ ಮೇಲೆ ಪರೀಕ್ಷೆ ಮಾಡಿದ್ದೂ ನಿಜ, ಆದರೆ ಒಂದು ಸಲಕ್ಕೆ ಒಂದೇ ಸುದ್ದಿ ಕೊಟ್ಟು. ಪೂರ್ತಿ ಗೊತ್ತಾಗುವವರೆಗೆ ದಯವಿಟ್ಟು ಯಾರಿಗೂ ಹೇಳಬೇಡಿ, ಎರಡು ದಿನ ಕೊಡಿ ಎಂದು ಬೇಡಿಕೊಂಡ. ಮೇಷ್ಟ್ರು ಉತ್ತರ ಹೇಳದೆ ಫೋನ್ ಇಟ್ಟರು.

ಕಂಪನಿಯವರು ಮೊದಲು ಮಾಡಿದ್ದ, ಅದೇ ಕೋಡ್ ಇದ್ದ ಪೆಟ್ಟಿಗೆಯೊಂದು ಪ್ರಯೋಗಾಲಯದ ಉಗ್ರಾಣದಲ್ಲಿ ಧೂಳು ತಿನ್ನುತ್ತಿತ್ತು. ಇಬ್ಬರೂ ಸೇರಿ ಅದನ್ನು ಎಳೆದು ತಂದರು. ಒಂದು ರಬ್ಬರ್ ಚೀಲಕ್ಕೆ ಉಗುರುಬೆಚ್ಚನೆಯ ನೀರು ತುಂಬಿ ಒಳಗೆ ಮಲಗಿಸಿ, ಅದರ ಮೇಲೆ ಸೆನ್ಸರ್ ಅಂಟಿಸಿದರು. ಮೇಷ್ಟ್ರು ಮುಚ್ಚಳ ಮುಚ್ಚಬೇಕು, ಅದೇ ಹೊತ್ತಿಗೆ ತಂಗಿ ತಂತಿ ಎಳೆಯಬೇಕು. ಮುಚ್ಚಿದರು, ಎಳೆದಳು. ಕೆಂಪು ದೀಪ ಹತ್ತಿ ಪೆಟ್ಟಿಗೆ ಕೂಗಿಕೊಂಡಿತು. ಸರಿಯಾಗಿಯೇ ಇದೆ. ಮತ್ತೆ ಮುಚ್ಚಿದರು, ಮತ್ತೆ ಕೂಗಿತು. ಹತ್ತಾರು ಸಲ ಹೀಗೇ ಆಯಿತು. ಆ ಕಿವಿ ಚುಚ್ಚುವ ಕೂಗು ಅವಳಿಗೆ ಹಿತವಾಗಿ ಕೇಳತೊಡಗಿತು. ಏನೂ ಆಗಲ್ಲ ಅನ್ನಿಸುತ್ತೆ ಸರ್ ಎಂದಳು. ಹೂಂ ಎಂದರು ಮೇಷ್ಟ್ರು, ಮುಚ್ಚಳ ಎತ್ತಿದರು.

ನಡುವೆ ಫೋನಿಗೆ ಅಕ್ಕನ ಸಂದೇಶ ಬಂತು. ಸಿಸ್ಟರ್ ಇವತ್ತು ಅವಳ ಕೈಯಿಂದಲೇ ಮಗುವಿನ ಬಟ್ಟೆ ಬದಲಾಯಿಸಲು ಬಿಟ್ಟರಂತೆ. ಮುಚ್ಚಳ ತೆಗೆದು ಹಾಕುವುದನ್ನೂ ಕಲಿತಳಂತೆ. ಕೊನೆಯಲ್ಲಿ, ಭಯವಾಗಲಿಲ್ಲ ಎಂದು ಬರೆದಿದ್ದಳು.

ತಂಗಿ ಫೋನ್ ಪಕ್ಕಕ್ಕಿಟ್ಟಳು. ಇನ್ನೊಂದು ಸಲ ಸರ್ ಎಂದಳು. ಮುಚ್ಚಳ ಬಿತ್ತು, ಸರಿಯಾಗಿ ಅದೇ ಕ್ಷಣಕ್ಕೆ ತಂತಿ ಕಿತ್ತುಬಂತು. ಈ ಸಲ ಕೂಗಲಿಲ್ಲ.

ಹಸಿರು ದೀಪ ಹತ್ತಿಕೊಂಡೇ ಇತ್ತು. ಒಳಗಿನ ಫ್ಯಾನು ಸಣ್ಣಗೆ ಗುಂಯ್‌ಗುಡುತ್ತಿತ್ತು. ಮೇಷ್ಟ್ರು ಪಕ್ಕದ ಕಿಂಡಿಯಿಂದ ಕೈ ತೂರಿಸಿ ಚೀಲದ ಮೇಲಿಟ್ಟರು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಮುಖ ಕಿವುಚಿ ಕೈ ಹೊರಗೆ ತೆಗೆದರು.

"ನೀನು ಆಸ್ಪತ್ರೆಗೆ ಹೊರಡು. ಕಂಪನಿಗೆ ನಾನು ಹೋಗ್ತೀನಿ. ಎಲ್ಲೆಲ್ಲಿಗೆ ಮಾರಿದ್ದಾರೋ ಅಲ್ಲಿಗೆಲ್ಲ ಅವರು ಇವತ್ತೇ ಫೋನ್ ಮಾಡ್ಬೇಕು. ಮಾಡೋವರೆಗೂ ನಾನು ಅಲ್ಲಿಂದ ಏಳಲ್ಲ."

ಬಸ್ಸು ಹತ್ತುವ ಮೊದಲೇ ಅಕ್ಕನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಐಸಿಯು ಒಳಗೆ ಹೋಗುವಾಗ ಫೋನನ್ನು ಆಫ್ ಮಾಡಿ ಹೊರಗಿನ ಕಪಾಟಿನಲ್ಲಿ ಇಟ್ಟುಹೋಗಬೇಕಿತ್ತು. ಭಾವ ಎತ್ತಲಿಲ್ಲ. ಆಸ್ಪತ್ರೆಯ ನಂಬರ್ ಹುಡುಕಿ ಮಾಡಿದಳು. ಒಂದು ಯಂತ್ರದ ಧ್ವನಿ ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎಂದು ಹೇಳುತ್ತ ಹೋಯಿತು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು, ಮುಂದೆ ರಸ್ತೆ ಅಗೆದಿದ್ದ ಕಡೆ ಆಮೆಯಂತೆ ತೆವಳಿತು. ಪಕ್ಕದಲ್ಲಿದ್ದ ಹೆಂಗಸು ಏನಾಯ್ತಮ್ಮ ಎಂದು ಕೇಳಿದಾಗಲೇ ತಾನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನೂಕುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು. ಒಂದು ನಿಲ್ದಾಣ ಮೊದಲೇ ಇಳಿದು ಓಡಿದಳು.

ಐಸಿಯುವಿನಲ್ಲಿ ಗೋಡೆಯುದ್ದಕ್ಕೂ ಅದೇ ಕಂಪನಿಯ ಪೆಟ್ಟಿಗೆಗಳು. ಎಲ್ಲವೂ ತುಂಬಿದ್ದವು. ಅಕ್ಕ ಕಿಟಕಿಯ ಪಕ್ಕದ ಪೆಟ್ಟಿಗೆಯ ಮುಂದೆ ಸ್ಟೂಲ್ ಹಾಕಿಕೊಂಡು, ಕಿಂಡಿಯೊಳಗೆ ಕೈಯಿಟ್ಟು, ಮಗುವಿನ ಪಾದವನ್ನು ಒಂದೇ ಬೆರಳಿನಿಂದ ಮುಟ್ಟುತ್ತ ಕೂತಿದ್ದಳು. ತಂಗಿ ಮೊದಲು ಪೆಟ್ಟಿಗೆಯ ಹತ್ತಿರ ಹೋಗಿ ತಂತಿ ನೋಡಿದಳು. ಸೆನ್ಸರ್ ಮಗುವಿನ ಹೊಟ್ಟೆಗೆ ಅಂಟಿಕೊಂಡೇ ಇತ್ತು.

"ಯಾಕೆ ಹೀಗೆ ಏದುಸಿರು ಬಿಡ್ತಿದೀಯಾ?" ಎಂದಳು ಅಕ್ಕ.

"ಬಂದೆ ಇರು, ಮುಚ್ಚಳ ಮಾತ್ರ ಮುಟ್ಟಬೇಡ" ಎಂದು ಹೇಳಿ ಅವಳು ಡಾಕ್ಟರನ್ನು ಹುಡುಕಿಕೊಂಡು ಹೋದಳು.

ಡಾಕ್ಟರು ಹಿರಿಯ ಹೆಂಗಸು, ಯಾವಾಗಲೂ ಯಾವುದೋ ಅವಸರದಲ್ಲೇ ಇರುತ್ತಿದ್ದವರು. ನಡೆಯುತ್ತಲೇ ಕೇಳಿಸಿಕೊಳ್ಳಲು ಶುರುಮಾಡಿ, ನಡುವೆ ನಿಂತುಬಿಟ್ಟರು. ಎಷ್ಟು ಖಾತ್ರಿ ಎಂದರು. ಕಣ್ಣಾರೆ ನೋಡಿಕೊಂಡೇ ಬಂದೆ ಎಂದಳು ತಂಗಿ. ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಬೇರೆ ವ್ಯವಸ್ಥೆ ಇದೆಯಲ್ಲ ಎಂದು ಡಾಕ್ಟರು ಕೇಳಿದರು. ಇದೆ, ಆದರೆ ಅದು ಕಡಿಯುವ ಹೊತ್ತಿಗೆ ಇಷ್ಟು ಎಳೆಯ ಮೈಗೆ ತಡವಾಗಿಹೋಗಿರುತ್ತದೆ ಎಂದು ತಂಗಿ ಹೇಳಿದಳು.

"ಪೆಟ್ಟಿಗೆಯಿಂದ ಹೊರಗೆ ತೆಗೆಯೋ ಮಾತೇ ಇಲ್ಲ. ಮಕ್ಕಳು ಶೀತಕ್ಕೇ ಹೋಗಿಬಿಡ್ತಾವೆ" ಎಂದರು ಡಾಕ್ಟರು. ಹಣೆ ಉಜ್ಜಿಕೊಂಡರು. "ಈ ಯಂತ್ರ ಮಗುವಿನ ಚರ್ಮ ನೋಡಿ ಬಿಸಿ ಕೊಡೋದು ಬಿಟ್ಟು, ಒಳಗಿನ ಗಾಳಿ ನೋಡಿ ಕೊಡೋ ಹಾಗೂ ಇಡಬಹುದು. ಆಗ ನೀವು ಹೇಳೋ ಬಾಣದ ಗೋಜು ಇರುತ್ತಾ?"

ತಂಗಿ ಕಣ್ಣು ಮುಚ್ಚಿ ಚಿತ್ರವನ್ನು ನೆನಪಿಸಿಕೊಂಡಳು. ಗಾಳಿಯ ಕಡೆಯ ಚೌಕಗಳು ಬೇರೆಯೇ ಇದ್ದವು, ಅವುಗಳಿಂದ ಸೆನ್ಸರಿನ ಬಾಣ ಹೊರಡುತ್ತಲೇ ಇರಲಿಲ್ಲ. ಇನ್ನೊಂದು ಸಲ ನೆನಪಿಸಿಕೊಂಡಳು. ಇರಲ್ಲ ಮೇಡಂ ಎಂದಳು. ಆದರೂ ನನ್ನ ಮಾತೊಂದನ್ನೇ ನಂಬಬೇಡಿ, ಕೈಯಿಂದಲೂ ನೋಡ್ತಾ ಇರಿ ಎಂದಳು.

ಡಾಕ್ಟರು ಹೆಡ್ ನರ್ಸನ್ನು ಕರೆದರು. ಒಂದೊಂದೇ ಪೆಟ್ಟಿಗೆಯನ್ನು ಗಾಳಿಯ ಲೆಕ್ಕಕ್ಕೆ ಬದಲಾಯಿಸಿದರು. ಮಕ್ಕಳ ಮೈಬಿಸಿಯನ್ನು ಥರ್ಮಾಮೀಟರ್ ಇಟ್ಟೇ ನೋಡಬೇಕು, ಒಬ್ಬರು ಸದಾ ಇಲ್ಲೇ ಇರಬೇಕು ಎಂದು ಅಪ್ಪಣೆಯಾಯಿತು. ನರ್ಸುಗಳು ಗೊಣಗಲಿಲ್ಲ, ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ. ಮೊನ್ನೆಯವರೆಗೆ ಅವಳನ್ನು ಕಂಡರೆ ನಗುತ್ತಿದ್ದವರು ಅವರೇ.

ಅಕ್ಕನಿಗೆ ಹೇಳುವ ಕೆಲಸ ಉಳಿದಿತ್ತು. ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ, ಏನನ್ನೂ ಮುಚ್ಚಿಡದೆ ಹೇಳಿದಳು. ಭಾವ ಕೂಡ ಬಂದು ನಿಂತಿದ್ದ. ತಮಾಷೆಯ ಮನುಷ್ಯ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ.

ಅಕ್ಕ ಬಾಣ, ಚೌಕ ಯಾವುದನ್ನೂ ಕೇಳಲಿಲ್ಲ. "ನಿಂಗೆ ಯಾವಾಗ ಗೊತ್ತಾಯ್ತು?" ಎಂದಳು.

"ಬೆಳಗ್ಗೆ. ಆದ್ರೆ ಖಾತ್ರಿ ಇರಲಿಲ್ಲ ಅಕ್ಕ. ಖಾತ್ರಿ ಮಾಡ್ಕೊಂಡು..."

"ಬೆಳಗ್ಗೆ." ಅಕ್ಕ ತನ್ನ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. "ಇವತ್ತು ನಾನೇ ಮುಚ್ಚಳ ಹಾಕಿದೆ. ನಿಂಗೆ ಬರೆದು ಕಳಿಸಿದ್ದೆ. ಆಗ್ಲೂ ಒಂದು ಫೋನ್ ಮಾಡ್ಲಿಲ್ಲ."

ಗಾಬರಿ ಮಾಡುವುದು ಬೇಡವೆಂದುಕೊಂಡೆ ಎಂದು ತಂಗಿ ಹೇಳಹೊರಟಳು.

"ಗಾಬರಿಯಾಗಿದ್ರೆ ಆಗ್ತಿದ್ದೆ. ಸುಳ್ಳು ಅಂತ ಆಮೇಲೆ ಗೊತ್ತಾಗಿದ್ರೆ ಎರಡು ಬೈದು ಸುಮ್ಮನಾಗ್ತಿದ್ದೆ. ಅಷ್ಟೇ ತಾನೆ?" ಎಂದಳು ಅಕ್ಕ. ಎದ್ದು ಕೈ ತೊಳೆದುಕೊಂಡು ಒಳಗೆ ಹೋದಳು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ತಂಗಿ ಬೆಂಚಿನ ಮೇಲೆ ಬಹಳ ಹೊತ್ತು ಕೂತೇ ಇದ್ದಳು. ಭಾವ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು ಹೋದ.

ಮೇಷ್ಟ್ರು ಕಂಪನಿಯಿಂದ ನಿಜವಾಗಿಯೂ ಏಳಲಿಲ್ಲ. ಕತ್ತಲಾಗುವ ಮೊದಲೇ ಎಲ್ಲ ಆಸ್ಪತ್ರೆಗಳಿಗೂ ಸುದ್ದಿ ಹೋಯಿತು. ಅಚ್ಚಿಗೆ ಕೊಟ್ಟಿದ್ದ ಪ್ರಬಂಧವನ್ನು ಅವರು ವಾಪಸ್ ತರಿಸಿಕೊಂಡರು. ತಂಗಿ ಒಂದು ವಾರ ಕೂತು ಭಾಷೆಗೆ ಒಂದು ನಿಯಮ ಸೇರಿಸಿದಳು. ಎರಡು ಬಾಣಗಳು ಒಟ್ಟಿಗೆ ಹೊರಡುವ ಸಾಧ್ಯತೆ ಎಲ್ಲಾದರೂ ಇದ್ದರೆ, ಯಾವುದು ಮೊದಲು ಎಂದು ಬಿಡಿಸಿದವರು ಬಾಯಿಬಿಟ್ಟು ಹೇಳುವವರೆಗೂ ಈಗ ಕೋಡ್ ಹುಟ್ಟುವುದಿಲ್ಲ. ಬಾಣವನ್ನು ಎಲ್ಲಿಗೆ ಜರುಗಿಸಿದರೂ ಅರ್ಥ ಜರುಗುವುದಿಲ್ಲ. ಜೊತೆಯವರು ಅದನ್ನು ಒಳ್ಳೆಯ ಸಂಶೋಧನೆ ಎಂದು ಹೊಗಳಿದರು. ಅವಳಿಗೆ ಆ ಮಾತು ಕೇಳಿದರೆ ಮೈ ಮುದುಡುತ್ತಿತ್ತು.

ಕೆಲವು ವಾರಗಳಾದ ಮೇಲೆ ಮಗು ಪೆಟ್ಟಿಗೆಯಿಂದ ಹೊರಬಂತು. ಮನೆಗೂ ಬಂತು. ಅಕ್ಕ ತಂಗಿಯ ಜೊತೆ ಮಾತು ಬಿಟ್ಟಿರಲಿಲ್ಲ. ಬಾ ಎನ್ನುತ್ತಿದ್ದಳು, ಊಟ ಮಾಡು ಎನ್ನುತ್ತಿದ್ದಳು. ಆದರೆ ಮಗುವನ್ನು ಅವಳ ಮಡಿಲಿಗೆ ಕೊಟ್ಟಾಗಲೆಲ್ಲ ಆ ಕೋಣೆ ಬಿಟ್ಟು ಹೋಗುತ್ತಿರಲಿಲ್ಲ.

ತಿದ್ದಿದ ಕೋಡನ್ನು ಪೆಟ್ಟಿಗೆಗಳಿಗೆ ಹಾಕಲು ಎಂಜಿನಿಯರ್ ಊರೂರು ಸುತ್ತುವವನಿದ್ದ. ತಾನೂ ಬರುತ್ತೇನೆ ಎಂದಳು ತಂಗಿ. ಅದು ಅವಳ ಕೆಲಸವಾಗಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಪ್ರತಿ ಆಸ್ಪತ್ರೆಯಲ್ಲೂ ಅವಳು ನರ್ಸುಗಳನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಳು: ಕಾರಣ ಗೊತ್ತಾಗದೆ ಯಾವ ಮಗುವಿಗಾದರೂ ಮೈ ಸುಟ್ಟಿತ್ತಾ? ಇಲ್ಲ ಎಂದರೆ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು. ಮುಂದಿನ ಊರು ಬರುವ ಹೊತ್ತಿಗೆ ಮತ್ತೆ ಅಷ್ಟೇ ಆಗಿರುತ್ತಿತ್ತು.

ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸೊಬ್ಬಳು ತುಸು ಯೋಚಿಸಿ, ಒಂದು ಮಗುವಿಗೆ ಹಾಗಾಗಿತ್ತು ಎಂದಳು. ಬಟ್ಟೆ ಬದಲಾಯಿಸಿ ಮಲಗಿಸಿದ ಮೇಲೆ ಮೈ ಕೆಂಡದಂತಾಗಿತ್ತಂತೆ. ಸೋಂಕು ಎಂದು ಮದ್ದು ಕೊಟ್ಟರಂತೆ. ಸೆನ್ಸರ್ ಬಿಚ್ಚಿಕೊಂಡದ್ದನ್ನು ಯಾರೋ ಆಮೇಲೆ ನೋಡಿ ಅಂಟಿಸಿದರಂತೆ. ಮಗು ಚೇತರಿಸಿಕೊಂಡಿತು, ತಾಯಿತಂದೆ ಕರೆದುಕೊಂಡು ಹೋದರು. ಆಮೇಲಿನದು ಗೊತ್ತಿಲ್ಲ. ಇಷ್ಟು ಹೇಳಿ ಅವಳು ತನ್ನ ಕೆಲಸಕ್ಕೆ ಹೋದಳು. ಎಂಜಿನಿಯರ್ ಕೇಳಿಸಿಕೊಳ್ಳದವನಂತೆ ತಂತಿ ಸುತ್ತುತ್ತಿದ್ದ.

ತಂಗಿ ಮೆಟ್ಟಿಲಿಳಿದು ಆಸ್ಪತ್ರೆಯ ಹೊರಗೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತು ಫೋನ್ ತೆಗೆದಳು. ಮೇಷ್ಟ್ರಿಗೆ ಮಾಡಬೇಕಿತ್ತು. ಅಕ್ಕನಿಗೆ ಮಾಡಿದಳು. ಅದು ತಮ್ಮ ಪೆಟ್ಟಿಗೆಯಿಂದಲೇ ಆದದ್ದೋ ಅಲ್ಲವೋ ಖಾತ್ರಿಯಿಲ್ಲ ಅಕ್ಕ ಎಂದೇ ಶುರುಮಾಡಿ, ಕೇಳಿದ್ದಷ್ಟನ್ನೂ ಹೇಳಿದಳು. ಆ ಕಡೆ ಮಗು ರಚ್ಚೆ ಹಿಡಿದಿತ್ತು. ಅಕ್ಕ ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿರುವುದು ಕೇಳಿಸುತ್ತಿತ್ತು.

"ಆ ಮಗು ಈಗ ಹೇಗಿದೆಯಂತೆ?"

"ಗೊತ್ತಿಲ್ಲ. ಮನೆಗೆ ಹೋಯ್ತು ಅಂದ್ರು ಅಷ್ಟೇ."

"ಯಾವ ಊರು, ಯಾರ ಮಗು, ಕೇಳಿದ್ಯಾ?"

"ಇಲ್ಲ."

ಮಗುವಿನ ಅಳು ಸಣ್ಣದಾಯಿತು.

"ಹೋಗಿ ಕೇಳು. ಅವರಮ್ಮನಿಗೂ ಗೊತ್ತಾಗ್ಬೇಕಲ್ಲ. ಒಬ್ಬಳೇ ಹೋಗಕ್ಕೆ ಕಷ್ಟ ಆದ್ರೆ ಹೇಳು, ಇವಳನ್ನ ನಿಮ್ಮ ಭಾವನ ಹತ್ರ ಬಿಟ್ಟು ನಾನೂ ಬರ್ತೀನಿ" ಎಂದಳು.

ತಂಗಿ ಫೋನನ್ನು ಕಿವಿಯಿಂದ ತೆಗೆಯದೆಯೇ ತಿರುಗಿ ಮೆಟ್ಟಿಲು ಹತ್ತಿದಳು. ಆ ನರ್ಸ್ ಯಾವ ಕಡೆ ಹೋದಳೆಂದು ಬಾಗಿಲಲ್ಲಿ ನಿಂತಿದ್ದವರನ್ನು ಕೇಳಿದಳು.